ಓದುಗರ ಪ್ರಶ್ನೆ: ಉಂಗುರದ ಮುದ್ರೆ, ಮೂರು ಸುತ್ತಿನ ದಾರ

ಕಳೆದ ಸಂಚಿಕೆಯಲ್ಲಿ ರೋಮನ್ ಪ್ರಾಂತ್ಯದ ಜಮೀನ್ದಾರನೊಬ್ಬನ ಮುದ್ರೆಯುಂಗುರದ ಚಿತ್ರ ಅಚ್ಚು ಹಾಕಿದ್ದೆವು: ಕೆಂಪು ಕಲ್ಲು, ಅದರೊಳಕ್ಕೆ ಕೊರೆದ, ತೆನೆ ಹಿಡಿದು ನಿಂತ ದೇವತೆ. ಅಡಿಬರಹ ಎರಡೇ ಸಾಲಿನದು. ಅದು ಯಾರಿಗೂ ಸಾಲಲಿಲ್ಲ ಅನ್ನುವುದು ಆಮೇಲೆ ಬಂದ ಪತ್ರಗಳಿಂದ ಗೊತ್ತಾಯಿತು. ಹೆಚ್ಚಿನವು ಉತ್ತರ ಕನ್ನಡದಿಂದಲೇ ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಷ್ಟೊಂದು ಭೂಮಿ ಇದ್ದವನು ಮುದ್ರೆಯನ್ನು ಕಾಗದಪತ್ರಕ್ಕೆ ಬಿಟ್ಟು ಬೇರೆ ಏನಕ್ಕೆ ಹಾಕುತ್ತಿದ್ದ? (ಕಾಲೇಜು ವಿದ್ಯಾರ್ಥಿನಿ, ಕುಮಟಾ)

ಉತ್ತರ: ಪತ್ರಕ್ಕಿಂತ ಹೆಚ್ಚಾಗಿ ಉಗ್ರಾಣಕ್ಕೆ. ಮನೆ ತುಂಬ ಗುಲಾಮರು, ಆಳುಗಳು. ಬೀಗದ ಕೈ ಹತ್ತಾರು ಜನರ ಕೈಗೆ ಹೋಗುವಂಥದ್ದು. ಅದಕ್ಕೆ ದ್ರಾಕ್ಷಾರಸದ ಹೂಜಿ, ಎಣ್ಣೆಯ ಗಡಿಗೆ, ಒಡವೆಯ ಪೆಟ್ಟಿಗೆ, ಕೋಣೆಯ ಬಾಗಿಲು ಇವಕ್ಕೆಲ್ಲ ದಾರ ಸುತ್ತಿ, ಗಂಟಿನ ಮೇಲೆ ಮೇಣವನ್ನೋ ಜೇಡಿಯನ್ನೋ ಮೆತ್ತಿ, ಉಂಗುರ ಒತ್ತುತ್ತಿದ್ದರು. ಮುದ್ರೆ ಕಳ್ಳನನ್ನು ತಡೆಯುವುದಿಲ್ಲ, ಉಗುರಿನಿಂದ ಕೆರೆದರೂ ಕಿತ್ತುಬರುತ್ತದೆ. ಆದರೆ ಕಿತ್ತದ್ದು ಮಾರನೆಯ ದಿನ ಕಾಣುತ್ತದೆ. ಅವರಿಗೆ ಬೇಕಾಗಿದ್ದದ್ದೂ ಅಷ್ಟೇ.

ರೋಮಿನ ವಾಗ್ಮಿ ಸಿಸೆರೋನ ತಾಯಿ ಖಾಲಿ ಹೂಜಿಗಳಿಗೂ ಮುದ್ರೆ ಹಾಕಿಡುತ್ತಿದ್ದಳು ಎಂದು ಅವಳ ಇನ್ನೊಬ್ಬ ಮಗ ಕ್ವಿಂಟಸ್ ಪತ್ರವೊಂದರಲ್ಲಿ ನೆನೆದಿದ್ದಾನೆ. ಕದ್ದು ಕುಡಿದವರು ‘ಇದು ಮೊದಲೇ ಖಾಲಿ ಇತ್ತು’ ಅನ್ನಬಾರದಲ್ಲ! ಮುದ್ರೆಯಿಲ್ಲದ ಖಾಲಿ ಹೂಜಿ ಕಂಡರೆ ಲೆಕ್ಕ ಕೇಳಬಹುದು.

ಬೆಳೆಯ ವಿಷಯಕ್ಕೆ ಬಂದರೆ ಈಜಿಪ್ಟಿನ ಸಾಕ್ಷ್ಯ ಎಲ್ಲಕ್ಕಿಂತ ಸ್ಪಷ್ಟ. ಕಣದಲ್ಲಿ ರಾಶಿ ಹಾಕಿದ ಧಾನ್ಯದ ಮೇಲೆ ಒತ್ತುತ್ತಿದ್ದ, ಅಂಗೈಗಿಂತ ದೊಡ್ಡ ಮರದ ಅಚ್ಚುಗಳು ಅಲ್ಲಿ ಸಿಕ್ಕಿವೆ. ರಾಶಿಯ ಮೇಲೆ ಬೂದಿಯ ಗೆರೆ ಎಳೆದು ಹೋಗುವ ಪದ್ಧತಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧಾನ್ಯ ದೋಣಿಗೆ ಏರಿದ ಮೇಲೆ ಇನ್ನೊಂದು ಎಚ್ಚರ ಇತ್ತು. ತುಂಬಿದ ಮಾಲಿನಿಂದಲೇ ಒಂದಿಷ್ಟು ತೆಗೆದು ಚಿಕ್ಕ ಮಡಕೆಗೆ ಹಾಕಿ, ಬಾಯಿ ಮುಚ್ಚಿ ಮುದ್ರೆ ಒತ್ತಿ, ಮಾಲಿನ ಜೊತೆಗೇ ಕಳಿಸುತ್ತಿದ್ದರು. ದಾರಿಯಲ್ಲಿ ಮಣ್ಣೋ ಹೊಟ್ಟೋ ಬೆರೆಸಿದರೆ ಇಳಿಸುವ ಕಡೆ ಮಾದರಿಯ ಜೊತೆ ಹೋಲಿಸಿ ಹಿಡಿಯಬಹುದು. ಕ್ರಿ.ಪೂ. 2ರ ಇಂಥ ಒಂದು ಮಡಕೆ ಉಳಿದುಬಂದಿದೆ. ಅದರ ಮೇಲಿನ ಬರಹದಲ್ಲಿ ದೋಣಿಯವರಾದ ಅಮ್ಮೋನಿಯಸ್, ಹರ್ಮಿಯಾಸ್ ಇಬ್ಬರೂ ಮುದ್ರೆ ಹಾಕಿದ್ದೇವೆ ಎಂದಿದ್ದಾರೆ. ಅಷ್ಟಕ್ಕೆ ನಿಲ್ಲಿಸದೆ ಒಬ್ಬನ ಮುದ್ರೆಯ ಚಿತ್ರ ಅಮ್ಮೋನ್ ದೇವರು, ಇನ್ನೊಬ್ಬನದು ಬಾಲದೇವರು ಹಾರ್ಪೊಕ್ರೇಟಿಸ್ ಎಂದೂ ಬರೆದಿದ್ದಾರೆ. ಚಿತ್ರ ಯಾವುದೆಂದು ಮೊದಲೇ ಬರೆದಿಟ್ಟರೆ, ಬೇರೆ ಉಂಗುರದಿಂದ ಮತ್ತೆ ಒತ್ತಿದವನು ಸಿಕ್ಕಿಬೀಳುತ್ತಾನೆ. ನಮಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ವಿವರ ಇದು.

ಒಂದು ಗೊಂದಲ ಮಾತ್ರ ಬೇಡ. ಸ್ಪೇನಿನ ಗ್ವಾದಲ್ಕಿವಿರ್ ಕಣಿವೆಯಿಂದ ಆಲಿವ್ ಎಣ್ಣೆ ಹೋಗುತ್ತಿದ್ದ, ಸುಮಾರು 70 ಲೀಟರ್ ಹಿಡಿಯುವ ದುಂಡು ಮಡಕೆಗಳ ಹಿಡಿಕೆಯ ಮೇಲೆ ಕಾಣುವ ಅಕ್ಷರಗಳು ಉಂಗುರದ್ದಲ್ಲ. ಮಡಕೆ ಹಸಿಯಿದ್ದಾಗಲೇ ಬೇರೆ ಅಚ್ಚಿನಿಂದ ಒತ್ತಿದ್ದು. ಆ ಹೆಸರು ತೋಟದ ಒಡೆಯನದೋ ಕುಂಬಾರಶಾಲೆಯದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹೆಸರನ್ನು ತಿರುಗುಮುರುಗಾಗಿ ಕೊರೆದ ಕಂಚಿನ ಅಚ್ಚುಗಳೂ ಬೇರೆ ಇದ್ದವು. ಇಟಲಿಯ ಹರ್ಕ್ಯುಲೇನಿಯಮ್‌ನಲ್ಲಿ ಕ್ರಿ.ಶ. 79ರ ಜ್ವಾಲಾಮುಖಿಯಲ್ಲಿ ಕರಿಕಾದ ರೊಟ್ಟಿಯೊಂದರ ಮೇಲೆ ‘ಕ್ವಿಂಟಸ್ ಗ್ರಾನಿಯಸ್ ವೇರಸ್‌ನ ಗುಲಾಮ ಸೆಲೆರ್‌ನದು’ ಎಂಬ ಒತ್ತು ಇಂದಿಗೂ ಓದಲು ಬರುತ್ತದೆ.

ಪ್ರಶ್ನೆ: ಯಜಮಾನ ದೂರದ ಪಟ್ಟಣದಲ್ಲಿದ್ದು ತೋಟ ನೋಡಿಕೊಳ್ಳುವವನ ಕೈಗೆ ಉಂಗುರ ಕೊಟ್ಟರೆ, ಅವನೇ ಯಜಮಾನನಾದ ಹಾಗಲ್ಲವೇ? ನಕಲಿ ಮುದ್ರೆ ಮಾಡುತ್ತಿರಲಿಲ್ಲವೇ? (ಅಡಿಕೆ ಬೆಳೆಗಾರರು, ಸಿರ್ಸಿ)

ಉತ್ತರ: ಅಡಿಕೆ ಚೀಲ ಹೊಲಿದು ಕಳಿಸುವವರಿಗೆ ಮೊದಲು ಬರುವ ಅನುಮಾನವೇ ಇದು! ದೂರದಲ್ಲಿದ್ದ ಯಜಮಾನರೇ ಹೆಚ್ಚು. ಮೂರನೆಯ ಶತಮಾನದ ಅಪ್ಪಿಯಾನಸ್ ಎಂಬವನು ಅಲೆಕ್ಸಾಂಡ್ರಿಯಾದ ನಗರಸಭೆಯ ಸದಸ್ಯ. ಅವನ ಜಮೀನು ಈಜಿಪ್ಟಿನ ಫಯೂಮ್‌ನಲ್ಲಿ. ಥಿಯಡೆಲ್ಫಿಯಾ ಭಾಗದ ಕಾರಭಾರ ಹೆರೊನಿನಸ್ ಎಂಬವನದು. ಕ್ರಿ.ಶ. 249ರಿಂದ 268ರವರೆಗೆ ಅವನಿಗೆ ಬಂದ ಪತ್ರಗಳು, ಅವನು ಬರೆದ ಲೆಕ್ಕಗಳು ನೂರಾರು ಸಂಖ್ಯೆಯಲ್ಲಿ ಉಳಿದಿವೆ. ಇಂಥವನಿಗೆ ಇಷ್ಟು ದ್ರಾಕ್ಷಾರಸ ಕೊಡು, ಕತ್ತೆಗಳನ್ನು ಕಳಿಸು ಎನ್ನುವಂಥ ಚೀಟಿಗಳು. ಜಮೀನು ನಡೆಯುತ್ತಿದ್ದದ್ದೇ ಚೀಟಿಯ ಮೇಲೆ.

ಉಂಗುರ ಕೊಟ್ಟರೆ ಅಧಿಕಾರ ಕೊಟ್ಟ ಹಾಗೆ ಅನ್ನುವುದು ನಿಜ. ಕ್ರಿ.ಪೂ. 23ರಲ್ಲಿ ಸಾಯುವ ಹಂತಕ್ಕೆ ಹೋಗಿದ್ದ ಚಕ್ರವರ್ತಿ ಆಗಸ್ಟಸ್ ತನ್ನ ಉಂಗುರವನ್ನು ಆಪ್ತ ಸೇನಾಪತಿ ಅಗ್ರಿಪ್ಪನಿಗೆ ಕೊಟ್ಟಾಗ, ಅದರ ಅರ್ಥ ಯಾರೂ ವಿವರಿಸಬೇಕಾಗಿರಲಿಲ್ಲ. ಅದಕ್ಕೂ ಮೊದಲು ಆಗಸ್ಟಸ್ ಬಳಿ ಒಂದೇ ತೆರನಾದ ಎರಡು ಸ್ಫಿಂಕ್ಸ್ (ಮನುಷ್ಯಮುಖದ ಸಿಂಹ) ಮುದ್ರೆಗಳಿದ್ದು, ಅವನು ಊರಿನಲ್ಲಿಲ್ಲದಾಗ ಗೆಳೆಯರು ಒಂದನ್ನು ಬಳಸಿ ಆಜ್ಞೆಗಳಿಗೆ ಒತ್ತುತ್ತಿದ್ದರು ಎಂದು ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ. ಸಿಸೆರೋ ತನ್ನ ತಮ್ಮ ಕ್ವಿಂಟಸ್ ಏಷ್ಯಾ ಪ್ರಾಂತ್ಯದ ಆಡಳಿತ ನಡೆಸುತ್ತಿದ್ದಾಗ ಬುದ್ಧಿ ಹೇಳಿದ್ದು ಇದನ್ನೇ: ಉಂಗುರ ಯಾರು ಬೇಕಾದರೂ ಬಳಸುವ ಪಾತ್ರೆ ಆಗಬಾರದು, ಅದು ನೀನೇ ಎಂಬಂತೆ ಇರಬೇಕು. ಕ್ರಿ.ಶ. 66ರಲ್ಲಿ ಚಕ್ರವರ್ತಿ ನೀರೋನ ಕೋಪಕ್ಕೆ ಸಿಕ್ಕಿ ಪ್ರಾಣ ಬಿಡಬೇಕಾಗಿ ಬಂದ ಪೆಟ್ರೋನಿಯಸ್ ಸಾಯುವ ಮೊದಲು ತನ್ನ ಮುದ್ರೆಯುಂಗುರ ಮುರಿದುಹಾಕಿದ. ತಾನು ಸತ್ತ ಮೇಲೆ ಅದರಿಂದ ಸುಳ್ಳು ಪತ್ರ ಹುಟ್ಟಿ ಬೇರೆಯವರ ಕುತ್ತಿಗೆಗೆ ಬರಬಾರದೆಂದು.

ಈಗ ನಕಲಿಯ ಮಾತು. ಎರಡನೆಯ ಶತಮಾನದ ಲೂಸಿಯನ್ ಎಂಬ ಗ್ರೀಕ್ ಲೇಖಕ ಒಬ್ಬ ಢೋಂಗಿ ಪ್ರವಾದಿಯ ಕೈಚಳಕ ಬಯಲು ಮಾಡುವಾಗ ಮುದ್ರೆ ಬಿಚ್ಚುವ ಮೂರು ದಾರಿ ಕೊಟ್ಟಿದ್ದಾನೆ. ಒಂದು, ಸೂಜಿ ಕಾಯಿಸಿ ಮುದ್ರೆಯ ಅಡಿಯ ಮೇಣ ಕರಗಿಸಿ ಇಡಿಯಾಗಿ ಎತ್ತುವುದು. ಓದಿದ ಮೇಲೆ ಅಡಿಯನ್ನೇ ಬೆಚ್ಚಗೆ ಮಾಡಿ ಮತ್ತೆ ಕೂರಿಸುವುದು. ಎರಡು, ರಾಳ, ಡಾಂಬರು, ಪುಡಿ ಮಾಡಿದ ಕಲ್ಲು, ಮೇಣ, ಅಂಟು ಸೇರಿಸಿ ಕಾಯಿಸಿದ ಮುದ್ದೆಯನ್ನು, ಎಂಜಲು ಸವರಿದ ಮುದ್ರೆಯ ಮೇಲೆ ಒತ್ತಿ ಅಚ್ಚು ತೆಗೆಯುವುದು. ಅದು ಕೂಡಲೇ ಗಟ್ಟಿಯಾಗುತ್ತದೆ. ಮೂಲ ಮುದ್ರೆ ಒಡೆದು ಓದಿ, ಈ ಅಚ್ಚಿನಿಂದಲೇ ಹೊಸದನ್ನು ಒತ್ತಬಹುದು. ಮೂರನೆಯದೂ ಅಚ್ಚೇ, ಪುಸ್ತಕ ಅಂಟಿಸುವ ಗೋಂದಿನಲ್ಲಿ ಸುಣ್ಣದ ಪುಡಿ ಕಲೆಸಿ ಮಾಡಿದ್ದು.

ಮೂರೂ ದಾರಿ ಮುರಿಯುವುದು ಕಲ್ಲಿನ ಕೆತ್ತನೆಯನ್ನಲ್ಲ ಎಂಬುದನ್ನು ಗಮನಿಸಿ. ದುರ್ಬಲ ಜಾಗ ಮೇಣ ಮತ್ತು ದಾರ ಸೇರುವಲ್ಲಿದೆ. ಅದಕ್ಕೇ ನೀರೋನ ಕಾಲದಲ್ಲಿ ಸೆನೆಟ್ ಮಾಡಿದ ಬಿಗಿ ಕಟ್ಟುಪಾಡು ಉಂಗುರದ ಬಗ್ಗೆ ಇರದೆ ದಾರದ ಬಗ್ಗೆ ಇದೆ: ಪತ್ರ ಬರೆದ ಮರದ ಹಲಗೆಯ ಅಂಚಿನಲ್ಲಿ ತೂತು ಕೊರೆದು, ದಾರವನ್ನು ಮೂರು ಬಾರಿ ತೂತಿನೊಳಗೆ ಹಾಯಿಸಿ, ಅದರ ಮೇಲೆ ಮುದ್ರೆ ಒತ್ತಬೇಕು. ಇಲ್ಲದಿದ್ದರೆ ಪತ್ರಕ್ಕೆ ಬೆಲೆಯಿಲ್ಲ. ನಕಲಿ ಮುದ್ರೆ ಮಾಡಿದವನಿಗೆ ಶಿಕ್ಷೆ ಕ್ರಿ.ಪೂ. 81ರ, ರೋಮಿನ ಸರ್ವಾಧಿಕಾರಿ ಸುಲ್ಲನ ಕಾಯಿದೆಯಿಂದಲೇ ಇತ್ತು.

ಇನ್ನೂ ಆಶ್ಚರ್ಯ ಬೇಕೇ? ಉಯಿಲಿಗೆ ಏಳು ಸಾಕ್ಷಿಗಳು ಮುದ್ರೆ ಒತ್ತಬೇಕಿತ್ತು. ಏಳೂ ಜನ ಒಂದೇ ಉಂಗುರ ಬಳಸಿ ಒತ್ತಿದರೂ ನಡೆಯುತ್ತದೆ, ಬೇರೆಯವರ ಉಂಗುರ ಆದರೂ ಆದೀತು ಎಂದು ಕಾನೂನು ಪಂಡಿತರು ಸ್ಪಷ್ಟವಾಗಿ ಹೇಳಿದ್ದಾರೆ. ಮುದ್ರೆಯ ಪಕ್ಕದಲ್ಲಿ ಶಾಯಿಯಿಂದ ಅವರವರ ಹೆಸರು ಇರುತ್ತಿತ್ತು. ಉಯಿಲು ಒಡೆಯುವಾಗ ಸಾಕ್ಷಿಗಳಲ್ಲಿ ಹೆಚ್ಚಿನವರು ಎದುರು ಬಂದು ‘ಇದು ನಾನು ಒತ್ತಿದ್ದು’ ಎಂದು ಒಪ್ಪಬೇಕಿತ್ತು. ಮನುಷ್ಯನ ನೆನಪು, ಬರೆದ ಹೆಸರು, ದಾರ ಮೂರೂ ಸೇರಿದ ಕಡೆ ಮಾತ್ರ ಮುದ್ರೆಗೆ ಬಲ.

ಪ್ರಶ್ನೆ: ಆ ಕೆಂಪು ಕಲ್ಲು ನಮ್ಮ ಕಡೆಯಿಂದ ಹೋದದ್ದೇ? ಅಷ್ಟು ಚಿಕ್ಕ ಕಲ್ಲಿನಲ್ಲಿ ಭೂತಗನ್ನಡಿಯಿಲ್ಲದೆ ಹೇಗೆ ಕೊರೆದರು? (ಹೊನ್ನಾವರ)

ಉತ್ತರ: ಕಲ್ಲಿನ ಹೆಸರು ಕಾರ್ನೀಲಿಯನ್, ಪೇಟೆಯಲ್ಲಿ ಹಕೀಕ್ ಎನ್ನುವ ಜಾತಿಯದ್ದು. ಭಾರತದಿಂದ ಹೋಗುತ್ತಿದ್ದುದು ನಿಜ, ಆದರೆ ಕರಾವಳಿಯ ಈ ಭಾಗದಿಂದ ಅನ್ನಲು ಆಧಾರ ಬೇಕು. ಮೊದಲ ಶತಮಾನದ ಗ್ರೀಕ್ ವ್ಯಾಪಾರಿಯ ಕೈಪಿಡಿ ಹೇಳುವುದು ಗುಜರಾತಿನ ಭರೂಚ್ ಬಂದರನ್ನು. ಅಲ್ಲಿಗೆ ಪೈಠಣದ ಕಡೆಯಿಂದ ಇಪ್ಪತ್ತು ದಿನಗಳ ದಾರಿ ಬಂಡಿಯಲ್ಲಿ ಪದರಗಲ್ಲು (ಓನಿಕ್ಸ್, ಇದೇ ಜಾತಿಯ ಕಲ್ಲು) ಬರುತ್ತಿತ್ತು. ಸಿರ್ಸಿ ತಾಲೂಕಿನ ಬನವಾಸಿಯ ಹೆಸರು ಎರಡನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲಿ ಇದೆ ಅನ್ನುವುದು ಸರಿ. ಅಷ್ಟರಿಂದಲೇ ಬನವಾಸಿಯ ಕಲ್ಲು ರೋಮಿನ ಬೆರಳಿಗೆ ಹೋಯಿತು ಅನ್ನಲಾಗದು.

ಇದೇ ಕಲ್ಲು ಯಾಕೆ? ಬೇರೆ ಕಲ್ಲುಗಳಿಗಿಂತ ಇದಕ್ಕೆ ಮೇಣ ಕಡಿಮೆ ಅಂಟುತ್ತದೆ. ಕಣಗಳು ಬಹಳ ನುಣ್ಣಗಿರುವುದರಿಂದ ಕೊರೆದ ತಗ್ಗಿನ ಒಳಗೂ ಹೊಳಪು ಬರುತ್ತದೆ. ಒರಟು ಕಲ್ಲಾದರೆ ಮೇಣ ಅಲ್ಲೇ ಕಚ್ಚಿಕೊಳ್ಳುತ್ತದೆ.

ಕೊರೆಯುವ ಕ್ರಮ ಹೀಗೆ. 10ರಿಂದ 15 ಮಿಲಿಮೀಟರ್ ಉದ್ದ, 2–3 ಮಿ.ಮೀ. ದಪ್ಪದ ಬಿಲ್ಲೆಯನ್ನು ರಾಳದಿಂದ ಕೋಲಿನ ತುದಿಗೆ ಅಂಟಿಸುತ್ತಾರೆ. ಬಿಲ್ಲಿನ ಹುರಿ ಸುತ್ತಿ ತಿರುಗಿಸುವ ಕಡ್ಡಿಯ ತುದಿಗೆ ಕಬ್ಬಿಣದ ಚಿಕ್ಕ ಗುಂಡು ಅಥವಾ ಬಿಲ್ಲೆ. ಹತ್ತರವರೆಗಿನ ಮೋಸ್ ಅಳತೆಯಲ್ಲಿ ಕಾರ್ನೀಲಿಯನ್ನಿನ ಗಡಸುತನ 7ರ ಹತ್ತಿರ. ಕಬ್ಬಿಣ ಅದಕ್ಕಿಂತ ಮೆತ್ತಗೆ, ಹಾಗಾಗಿ ಕಬ್ಬಿಣ ಕಲ್ಲನ್ನು ಕೊರೆಯುವುದಿಲ್ಲ. ಕೊರೆಯುವುದು ನಕ್ಸೋಸ್ ದ್ವೀಪದ ಕುರುಂದದ ಪುಡಿ. ಎಣ್ಣೆಯಲ್ಲಿ ಕಲೆಸಿ ಹಾಕಿದರೆ ಪುಡಿ ಕಬ್ಬಿಣದ ಮೆತ್ತನೆ ಮೈಗೆ ಕಚ್ಚಿಕೊಂಡು, ತಿರುಗಿದಂತೆಲ್ಲ ಕಲ್ಲನ್ನು ತಿನ್ನುತ್ತದೆ. ಗುಂಡು ತುದಿಯಿಂದ ಕುಳಿ ಬರುತ್ತದೆ: ತಲೆ, ಭುಜ, ಹಣ್ಣು. ಬಿಲ್ಲೆಯಿಂದ ಗೆರೆ: ಬಟ್ಟೆಯ ಮಡಿಕೆ, ತೆನೆ, ಕೂದಲು. ಆಗಾಗ ಒಂದು ಮುದ್ದೆ ಮೇಣದ ಮೇಲೆ ಒತ್ತಿ ನೋಡಿದರೆ ತಪ್ಪು ಎಲ್ಲಿದೆಯೆಂದು ಕಾಣುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಅವಸರದಿಂದ. ಎಣ್ಣೆ ಒಣಗಿ ಬಿಸಿಯೇರಿದರೆ ಅಂಚು ಸಿಡಿಯುತ್ತದೆ. ತಗ್ಗಿನ ಬಾಯಿ ಕಿರಿದಾಗಿ ಒಳಗೆ ಅಗಲವಾದರಂತೂ ಒತ್ತಿದ ಮೇಣ ಹೊರಬರುವುದೇ ಇಲ್ಲ.

ಕಲ್ಲಿಗೆ ದುಡ್ಡಿಲ್ಲದವರಿಗೆ ಗಾಜು ಇತ್ತು. ಕೊರೆದ ಕಲ್ಲನ್ನು ಜೇಡಿಯಲ್ಲಿ ಒತ್ತಿ, ಆ ಅಚ್ಚಿನಲ್ಲಿ ಗಾಜು ಕರಗಿಸಿದರೆ ಒಂದೇ ಚಿತ್ರದ ಎಷ್ಟು ಮುದ್ರೆ ಬೇಕಾದರೂ ಸಿಗುತ್ತದೆ. ಒಳಗೆ ಗುಳ್ಳೆ, ಮೊಂಡಾದ ಅಂಚು ಕಂಡರೆ ಗಾಜು ಎಂದು ತಿಳಿಯಿರಿ.

ಚಿತ್ರಗಳೂ ಬಹಳ ಸಲ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವಂಥವು. ಇಂಗ್ಲೆಂಡಿನ ಸ್ನೆಟ್ಟಿಶ್ಯಾಮ್‌ನಲ್ಲಿ 1985ರಲ್ಲಿ ಒಬ್ಬ ಅಕ್ಕಸಾಲಿಯ ಮಡಕೆ ಸಿಕ್ಕಿತು. ಕ್ರಿ.ಶ. 155ರ ಸುಮಾರಿಗೆ ಹೂತದ್ದು. ಅದರಲ್ಲಿ ಉಂಗುರಕ್ಕೆ ಇನ್ನೂ ಕೂರಿಸದ ಕೆತ್ತಿದ ಕಾರ್ನೀಲಿಯನ್‌ಗಳೇ 110. ಒಳ್ಳೆಯ ಫಸಲಿನ ದೇವತೆ ಬೋನಸ್ ಎವೆಂಟಸ್, ಧಾನ್ಯದೇವಿ ಸೆರೆಸ್, ಅದೃಷ್ಟದೇವಿ ಫಾರ್ಚೂನಾ ಇವರೇ ಮತ್ತೆ ಮತ್ತೆ. ಬೆಳೆ ನಂಬಿದವರ ಆಯ್ಕೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ದೊಡ್ಡವರ ಮುದ್ರೆ ಬೇರೆ ಬಗೆ. ಆಗಸ್ಟಸ್‌ನ ಆಪ್ತ ಮೆಸೇನಾಸ್‌ನದು ಕಪ್ಪೆ. ಆ ಕಪ್ಪೆ ಕಂಡರೆ ಕರ ವಸೂಲಿಯ ಪತ್ರ ಬಂತೆಂದು ಜನ ನಡುಗುತ್ತಿದ್ದರಂತೆ.

ಪ್ರಶ್ನೆ: ಇತಿಹಾಸ ಮೇಳಕ್ಕೆ ಮಕ್ಕಳಿಂದ ಇದನ್ನು ಮಾಡಿಸಬಹುದೇ? ಸಾಮಾನು, ಅಳತೆ ತಿಳಿಸಿ. (ಪ್ರೌಢಶಾಲೆಯ ಅಕ್ಕೋರು, ಅಂಕೋಲಾ)

ಉತ್ತರ: ಧಾರಾಳವಾಗಿ ಮಾಡಿಸಿ ಅಕ್ಕೋರೇ, ಒಲೆಯ ಕೆಲಸ ಮಾತ್ರ ನಿಮ್ಮ ಕೈಯಲ್ಲಿರಲಿ. ಪಾಂಪೆಯಿಯಲ್ಲಿ 1875ರಲ್ಲಿ ಸಿಕ್ಕ ಲೇವಾದೇವಿಗಾರ ಕೆಸಿಲಿಯಸ್ ಯುಕುಂಡಸ್‌ನ 153 ಪತ್ರಗಳಲ್ಲಿ ಹೆಚ್ಚಿನವು ಇರುವ ರೀತಿಯ ಮೂರು ಹಲಗೆಯ ಪತ್ರವನ್ನೇ ಮಾಡಿಸಿ.

ಹಲಗೆಗೆ ನಿಮ್ಮಲ್ಲಿ ಬೆಳೆಯುವ ಹಾಲೆ ಮರ ಹೇಳಿ ಮಾಡಿಸಿದ್ದು. ಹಗುರ, ಮೆತ್ತಗೆ, ಉಳಿಗೆ ಸುಲಭ. ಹಿಂದೆ ಶಾಲೆಯ ಬರೆಯುವ ಹಲಗೆಗೆ ಬಳಸುತ್ತಿದ್ದ ಮರ ಎಂದೇ ಅದರ ಶಾಸ್ತ್ರೀಯ ಹೆಸರಿನಲ್ಲಿ ‘ಸ್ಕೊಲಾರಿಸ್’ ಇದೆ. 14 ಸೆಂ.ಮೀ. ಎತ್ತರ, 11 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪದ ಮೂರು ತುಂಡು. ಪುಸ್ತಕದ ಹಾಗೆ ಜೋಡಿಸಿದರೆ ಆರು ಪುಟ. ಎರಡು, ಮೂರು, ಐದನೆಯ ಪುಟಗಳಲ್ಲಿ ಸುತ್ತ ಅಂಚು ಬಿಟ್ಟು 2 ಮಿ.ಮೀ. ತಗ್ಗು ತೆಗೆಸಿ. ನಾಲ್ಕನೆಯ ಪುಟದ ನಡುವೆ ಮೇಲಿನಿಂದ ಕೆಳಕ್ಕೆ 2 ಸೆಂ.ಮೀ. ಅಗಲ, 4 ಮಿ.ಮೀ. ಆಳದ ಕಾಲುವೆ. ಈ ಕಾಲುವೆಯನ್ನು ಬಿಡಬೇಡಿ. ಮುದ್ರೆ ಅದರೊಳಗೆ ಕೂತರೆ ಮೂರನೆಯ ಹಲಗೆ ಉಜ್ಜಿ ಹಾಳಾಗುವುದಿಲ್ಲ.

ಜೇನುಮೇಣ 50 ಗ್ರಾಂ ಸಾಕು, ಜೇನು ಸಾಕುವವರ ಬಳಿ ಸಿಗುತ್ತದೆ. ಒಂದು ಪುಟಕ್ಕೆ 1 ಮಿ.ಮೀ. ದಪ್ಪಕ್ಕೆ ಸುಮಾರು 8 ಗ್ರಾಂ, ಮೂರಕ್ಕೆ 24. ಏಳು ಮುದ್ರೆಗೆ ಸುಮಾರು 10 ಗ್ರಾಂ. ಉಳಿದದ್ದು ಪಾತ್ರೆಗೆ ಅಂಟಿ ಹೋಗುತ್ತದೆ. ಮೇಣ ಕರಗುವುದು 62ರಿಂದ 65 ಡಿಗ್ರಿಯಲ್ಲಿ. ನೇರ ಉರಿಗೆ ಇಡಬೇಡಿ, ಕುದಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಪುಟಗಳ ಮೇಣಕ್ಕೆ ದೀಪದ ಮಸಿ ಅರ್ಧ ಚಮಚ ಸೇರಿಸಿದರೆ ಕಪ್ಪಾಗಿ, ಗೀರಿದ ಅಕ್ಷರದಲ್ಲಿ ಮರ ಬೆಳ್ಳಗೆ ಕಾಣುತ್ತದೆ. ಹಲಗೆಯನ್ನು ಮೊದಲು ಬಿಸಿಲಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ. ತಣ್ಣಗಿದ್ದರೆ ಮೇಣ ಮರ ಹಿಡಿಯದೆ ಹಪ್ಪಳದಂತೆ ಎದ್ದುಬರುತ್ತದೆ. ಅಂಚಿನ ಮಟ್ಟಕ್ಕೆ ತುಂಬಬೇಡಿ. ಎದುರುಬದುರು ಪುಟಗಳು ಅಂಟಿಕೊಂಡು ಬರಹವೆಲ್ಲ ಹೋಗುತ್ತದೆ.

ಬರೆಯುವುದಕ್ಕೆ ಮೊಳೆ ಸಾಕು. ಎರಡು, ಮೂರನೆಯ ಪುಟದಲ್ಲಿ ಪತ್ರ. ಅದೇ ಪತ್ರದ ಪ್ರತಿ ಐದನೆಯದರಲ್ಲಿ. ಮೊದಲ ಎರಡು ಹಲಗೆ ಮಾತ್ರ ಮುಚ್ಚಿ ಕಟ್ಟುವುದು. ಹೊರಗಿನ ಪ್ರತಿಯನ್ನು ಯಾವಾಗ ಬೇಕಾದರೂ ಓದಬಹುದು. ಯಾರಾದರೂ ಅದನ್ನು ತಿದ್ದಿದ ಅನುಮಾನ ಬಂದರೆ ಆಗ ಮುದ್ರೆ ಒಡೆದು ಒಳಗಿನದನ್ನು ನೋಡುವುದು.

ಮೇಲಿನ, ಕೆಳಗಿನ ಅಂಚಿನ ನಡುವೆ, ಕಾಲುವೆಯ ನೇರಕ್ಕೆ ಒಂದೊಂದು ತೂತು. ಹತ್ತಿಯ ಹುರಿಯನ್ನು ಮೂರು ಸುತ್ತು ಹಾಯಿಸಿ ಬಿಗಿಯಾಗಿ ಗಂಟು ಹಾಕಿ. ರೋಮನ್ನರದು ಅಗಸೆ ನಾರಿನ ದಾರ. ನೈಲಾನ್ ಬೇಡವೇ ಬೇಡ, ನುಣುಪು ಮೈಗೆ ಮೇಣ ಹಿಡಿಯುವುದಿಲ್ಲ, ಎಳೆದರೆ ಜಾರಿ ಬರುತ್ತದೆ.

ಮುದ್ರೆಯನ್ನು ಬಳಪದ ಕಲ್ಲಿನಲ್ಲಿ ಮಕ್ಕಳೇ ಕೊರೆಯಲಿ. ದಪ್ಪ ಸೂಜಿ ಸಾಕು, 1 ಮಿ.ಮೀ. ಆಳ, ಬದಿಗಳು ಓರೆಯಾಗಿರಲಿ. ತೆನೆ, ಮೀನು, ದೋಣಿ ಸುಲಭ. ಅಕ್ಷರ ಬೇಕೆಂದು ಹಟ ಹಿಡಿದವರಿಗೆ ಕನ್ನಡಿಯಲ್ಲಿ ನೋಡಿ ಬರೆಯಲು ಹೇಳಿ. ಕನ್ನಡದ ಒತ್ತಕ್ಷರ ತಿರುಗಿಸಿ ಕೊರೆಯುವುದು ದೊಡ್ಡವರಿಗೂ ಕಷ್ಟ.

ಒತ್ತುವ ಹದದಲ್ಲೇ ಎಲ್ಲ ಇದೆ. ಕಾಲುವೆಯಲ್ಲಿ ದಾರದ ಮೇಲೆ ಒಂದೂವರೆ ಗ್ರಾಂನಷ್ಟು ಮೇಣ ಹನಿಸಿ. ಕನ್ನಡಿಯಂಥ ಹೊಳಪು ಹೋಗಿ ಮೇಲೆ ಮಂಕು ಕೆನೆ ಕಟ್ಟಬೇಕು, ಒಳಗೆ ಇನ್ನೂ ಮೆತ್ತಗಿರಬೇಕು. ಆಗ ಕಲ್ಲನ್ನು ನೀರಿನಲ್ಲಿ ಅದ್ದಿ ನೆಟ್ಟಗೆ ಒತ್ತಿ, ಮೂರು ಎಣಿಸಿ, ನೆಟ್ಟಗೆ ಎತ್ತಿ. ಪ್ರೇಯಸಿ ಉಂಗುರವನ್ನು ತುಟಿಗೆ ತಾಗಿಸಿ ಒದ್ದೆ ಮಾಡಿ ಒತ್ತುವುದನ್ನು ರೋಮನ್ ಕವಿ ಓವಿಡ್ ಹಾಡಿದ್ದಾನೆ; ಕಾರಣ ಶೃಂಗಾರ ಮಾತ್ರ ಅಲ್ಲ, ಮೇಣ ಅಂಟಬಾರದು ಎಂದೇ. ಬೇಗ ಒತ್ತಿದರೆ ಕಲ್ಲಿಗೆ ದಾರವೂ ಸೇರಿ ಎದ್ದುಬರುತ್ತದೆ. ತಡವಾದರೆ ಅಂಚು ಬಿರಿದು ಚಿತ್ರ ಅರೆಬರೆ. ನಾಲ್ಕನೆಯ ಮುದ್ರೆಯ ಹೊತ್ತಿಗೆ ಅಂಟತೊಡಗಿದರೆ ಕಲ್ಲು ಬಿಸಿಯಾಗಿದೆ ಎಂದರ್ಥ, ಪ್ರತಿ ಸಲ ತಣ್ಣೀರಿನಲ್ಲಿ ಅದ್ದಿ. ಅಂಚೆಯ ಅರಗು ಬಳಸಿದರೆ ಚಿತ್ರ ಚೂಪಾಗಿ ಬರುತ್ತದೆ ನಿಜ, ಆದರೆ ಅದು ರೋಮನ್ ಪದ್ಧತಿಯಲ್ಲ, ಬಗ್ಗಿಸಿದರೆ ಚಟ್ಟನೆ ಒಡೆಯುತ್ತದೆ.

ಕೊನೆಗೆ ಏಳು ಮಕ್ಕಳು ತಮ್ಮ ಮುದ್ರೆಯ ಪಕ್ಕ ಶಾಯಿಯಲ್ಲಿ ಹೆಸರು ಬರೆಯಲಿ. ಮೇಳ ಏಪ್ರಿಲ್ಲಿನಲ್ಲಾದರೆ ಕಿಟಕಿಯ ಬಳಿ ಇಡಬೇಡಿ. 35 ಡಿಗ್ರಿ ದಾಟಿದರೆ ಮೇಣ ಮೆತ್ತಗಾಗಿ ತೆನೆಯೆಲ್ಲ ಹುಲ್ಲಾಗುತ್ತದೆ. ಸಮಯ ಇದ್ದರೆ ಒಂದು ಪ್ರತಿಗೆ ಕಾಲುವೆ, ತೂತು ಯಾವುದೂ ಇಲ್ಲದೆ ಬರೇ ಹೊರಗೆ ದಾರ ಸುತ್ತಿ ಮುದ್ರೆ ಹಾಕಿ, ಕಾದ ಸೂಜಿಯಿಂದ ನೀವೇ ಎತ್ತಿ ತೋರಿಸಿ.

ಪ್ರಶ್ನೆ: ಹೆಂಗಸರಿಗೆ ಮುದ್ರೆಯುಂಗುರ ಇತ್ತೇ? (ಸಿದ್ದಾಪುರ)

ಉತ್ತರ: ಇತ್ತು. ಎರಡನೆಯ ಶತಮಾನದ ಕೊನೆಯಲ್ಲಿ ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್ ಎಂಬ ಕ್ರೈಸ್ತ ಗುರು ಒಡವೆಗಳನ್ನೆಲ್ಲ ಬೈಯುತ್ತ ಬಂದು, ಗೃಹಿಣಿಗೆ ಒಂದು ಚಿನ್ನದ ಉಂಗುರ ಇರಲಿ, ಮನೆಯ ವಸ್ತುಗಳಿಗೆ ಮುದ್ರೆ ಹಾಕುವುದಕ್ಕೆ ಎಂದು ವಿನಾಯಿತಿ ಕೊಡುತ್ತಾನೆ. ಉಯಿಲಿಗೆ ಸಾಕ್ಷಿಯಾಗಲು ಮಾತ್ರ ಹೆಂಗಸರಿಗೆ ಅವಕಾಶ ಇರಲಿಲ್ಲ. ಆಸ್ತಿ ಇದ್ದೇ ಇತ್ತು. ಮೃತ ಸಮುದ್ರದ ಬಳಿಯ ಗುಹೆಯಲ್ಲಿ 1961ರಲ್ಲಿ ಸಿಕ್ಕ ಬಾಬಥಾ ಎಂಬ ಯಹೂದಿ ಹೆಂಗಸಿನ ಪತ್ರದ ಗಂಟಿನಲ್ಲಿ, ಕ್ರಿ.ಶ. 127ರಲ್ಲಿ ಅವಳು ತನ್ನ ನಾಲ್ಕು ಖರ್ಜೂರದ ತೋಟಗಳನ್ನು ಸರಕಾರದ ಲೆಕ್ಕದಲ್ಲಿ ತನ್ನ ಹೆಸರಿಗೆ ನಮೂದಿಸಿದ ದಾಖಲೆ ಇದೆ. ಅವಳಿಗೆ ಓದುಬರಹ ಬರುತ್ತಿರಲಿಲ್ಲ, ಬೇರೆಯವರು ಬರೆದಿದ್ದಾರೆ. ಆ ಗಂಟಿನ ಹಲವು ಪತ್ರಗಳಲ್ಲೂ ಮೇಲೆ ಹೇಳಿದ ಎರಡು ಪ್ರತಿಯ ಉಪಾಯವೇ: ಒಳಗಿನದನ್ನು ಸುತ್ತಿ ಕಟ್ಟಿ, ಹೊರಗಿನದನ್ನು ಓದಲು ಬಿಟ್ಟು, ಬೆನ್ನಿಗೆ ಸಾಕ್ಷಿಗಳ ಸಹಿ.

ಪ್ರಶ್ನೆ: ಉಂಗುರಗಳು ಸಿಗುತ್ತವೆ, ಒತ್ತಿದ ಮುದ್ರೆಗಳು ಯಾಕೆ ಅಪರೂಪ? ಕುಂಕುಮದ ಕರಡಿಗೆಯಂಥ ಕಂಚಿನ ಡಬ್ಬಿ ಯಾತಕ್ಕೆ? (ಕಾರವಾರ)

ಉತ್ತರ: ಮೇಣ ಉಳಿಯುವುದಿಲ್ಲ. ಹಸಿ ಜೇಡಿಯೂ ನೀರು ತಾಗಿದರೆ ಕರಗುತ್ತದೆ; ನಿಮ್ಮೂರ ಒಂದು ಮಳೆಗಾಲ ಸಾಕು. ಜೇಡಿ ಮುದ್ರೆ ಉಳಿಯಬೇಕಾದರೆ ಬೆಂಕಿ ಬೀಳಬೇಕು. ಯೂಫ್ರೆಟಿಸ್ ದಡದ ಜ್ಯೂಗ್ಮಾ ಪಟ್ಟಣದಲ್ಲಿ ಹತ್ತಾರು ಸಾವಿರ ಮುದ್ರೆಗಳು ಒಂದೆಡೆ ಸಿಕ್ಕಿವೆ. ದಫ್ತರದ ಕಾಗದ ಒಂದೂ ಇಲ್ಲ, ಅದನ್ನು ಕಟ್ಟಿದ ಮಣ್ಣು ಮಾತ್ರ ಇದೆ.

ಜೇಡಿ ಪೂರ್ವದ ಪ್ರಾಂತ್ಯಗಳ ರೂಢಿ, ಮೇಣ ಪಶ್ಚಿಮದ್ದು. ಕ್ರಿ.ಪೂ. 59ರಲ್ಲಿ ಸಿಸೆರೋ ಒಂದು ಮೊಕದ್ದಮೆಯಲ್ಲಿ ಈ ವ್ಯತ್ಯಾಸ ಹಿಡಿದೇ ವಾದಿಸಿದ. ಏಷ್ಯಾದಿಂದ ನಾವು ತಂದ ಪತ್ರಕ್ಕೆ ಅಲ್ಲಿ ಎಲ್ಲರೂ ಬಳಸುವ ಜೇಡಿಯ ಮುದ್ರೆ ಇದೆ. ಎದುರಾಳಿ ತಂದ ಸಾಕ್ಷ್ಯಕ್ಕೆ ಮೇಣ! ಅದು ಅಲ್ಲಿ ಬರೆದದ್ದೇ ಅಲ್ಲ ಎಂಬುದು ಅವನ ವಾದ.

ಡಬ್ಬಿ 2ರಿಂದ 4 ಸೆಂ.ಮೀ.ನದು, ಕೀಲಿರುವ ಮುಚ್ಚಳ, ತಳದಲ್ಲಿ ಸಾಮಾನ್ಯವಾಗಿ ಮೂರು ತೂತು, ಬದಿಯಲ್ಲಿ ದಾರ ಹೋಗುವ ಕಚ್ಚು. ಒಳಗೆ ಗಂಟು ಕೂರಿಸಿ, ಮೇಣ ತುಂಬಿ ಒತ್ತಿ ಮುಚ್ಚಿದರೆ ದಾರಿಯಲ್ಲಿ ಮುದ್ರೆ ಜಜ್ಜಿ ಹೋಗುವುದಿಲ್ಲ. ಪತ್ರಕ್ಕೆಂದೇ ಮೊದಲು ತಿಳಿದಿದ್ದರು. ಹಣದ ಚೀಲ, ಗಂಟುಮೂಟೆಗೂ ಇರಬಹುದೆಂದು ಈಗ ಹಲವರ ಅಭಿಪ್ರಾಯ. ಚೀಲದ ಬಾಯಿಗೆ ಅದು ಚೆನ್ನಾಗಿ ಹೊಂದುವುದನ್ನು ನೋಡಿದರೆ ನಾವೂ ಆ ಕಡೆಗೇ.

ಉಂಗುರದ ಕಲ್ಲುಗಳು ಹೆಚ್ಚು ಸಿಗುವ ಜಾಗ ಯಾವುದು ಗೊತ್ತೇ? ಸ್ನಾನಗೃಹದ ಚರಂಡಿ. ಬಿಸಿ ಹಬೆಗೆ ಅಂಟು ಸಡಿಲಾಗಿ ಕಲ್ಲು ಜಾರುತ್ತಿತ್ತು. ಬ್ರಿಟನ್ನಿನ ಬಾತ್ ಊರಿನ ಚರಂಡಿಯಲ್ಲಿ 34, ವೇಲ್ಸ್‌ನ ಕರ್ಲಿಯನ್‌ನಲ್ಲಿ 88 ಸಿಕ್ಕಿವೆ.

ಪ್ರಶ್ನೆ: ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಬೆಳ್ಳಿ ಉಂಗುರ ಇದೆ, ತಿರುಗುಮುರುಗು ಅಕ್ಷರ. ರೋಮಿನದಿರಬಹುದೇ? ಓದುವುದು ಹೇಗೆ? ತಾಮ್ರಪಟದ ಮುದ್ರೆಯೂ ಇದೇ ಬಗೆಯೇ? (ಬನವಾಸಿ)

ಉತ್ತರ: ಕೊನೆಯದನ್ನು ಮೊದಲು ಹೇಳುತ್ತೇವೆ. ತಾಮ್ರಪಟದ ತೂತಿನಲ್ಲಿ ಬಳೆ ಹಾಯಿಸಿ, ಬಳೆಯ ಎರಡು ತುದಿಯನ್ನೂ ಲೋಹದ ಮುದ್ರೆಯೊಳಗೆ ಬೆಸೆಯುತ್ತಿದ್ದರು. ಕದಂಬರಿಗೆ ಸಿಂಹ, ಬಾದಾಮಿ ಚಾಲುಕ್ಯರಿಗೆ ವರಾಹ. ಹಲಗೆ ಸೇರಿಸುವುದು, ತೆಗೆಯುವುದು ತಡೆಯುವ ಉದ್ದೇಶ ಒಂದೇ. ಆದರೆ ಉಯಿಲಿನ ಮೇಣ ಒಂದು ದಿನ ಒಡೆಯುವುದಕ್ಕೆಂದೇ ಹಾಕಿದ್ದು, ದಾನಪತ್ರದ ಬೆಸುಗೆ ಎಂದೂ ಬಿಚ್ಚಬಾರದೆಂದು ಹಾಕಿದ್ದು.

ನಿಮ್ಮ ಉಂಗುರದ ಅಕ್ಷರ ಕನ್ನಡ, ಮೋಡಿ ಅಥವಾ ಪಾರ್ಸಿ ಆಗಿದ್ದರೆ ರೋಮಿನ ಮಾತೇ ಇಲ್ಲ, ಅದು ಮನೆತನದ ಅಥವಾ ಕಾರಭಾರದ ಮುದ್ರೆ. ಓದಲು ಅಚ್ಚು ಒತ್ತುವ ಮೊದಲು ಫೋಟೋ ತೆಗೆಯಿರಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಒಂದು ಬದಿಯಿಂದ ಮಟ್ಟಸವಾಗಿ ಬಿಟ್ಟು, ನಾಲ್ಕೂ ದಿಕ್ಕಿನಿಂದ ಒಂದೊಂದು ತೆಗೆದು, ಮೊಬೈಲಿನಲ್ಲೇ ಎಡ–ಬಲ ತಿರುಗಿಸಿದರೆ ಹೆಚ್ಚಿನವು ಓದಲು ಬರುತ್ತವೆ. ಆಗದಿದ್ದರೆ ಮಕ್ಕಳು ಆಡುವ ಮೆತ್ತನೆ ಬಣ್ಣದ ಮೇಣಮಣ್ಣಿಗೆ ತುಸು ಪೌಡರ್ ಸವರಿ ಹಗುರವಾಗಿ ಒತ್ತಿ. ಬಿಸಿ ಅರಗು ಬೇಡ, ಕಲ್ಲು ಕೂರಿಸಿದ ಅಂಟು ಬಿಡುತ್ತದೆ. ಹುಣಸೆಹಣ್ಣು, ನಿಂಬೆ ಹಾಕಿ ತಿಕ್ಕಲೂ ಬೇಡ. ತಗ್ಗಿನಲ್ಲಿ ಕೂತ ಕಪ್ಪೇ ಸವೆದ ಅಕ್ಷರ ತೋರಿಸುವುದು. ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆದರೆ ಸಾಕು. ನೂರು ವರ್ಷ ದಾಟಿದ್ದು 1972ರ ಪುರಾತನ ವಸ್ತುಗಳ ಕಾಯಿದೆಯ ಲೆಕ್ಕಕ್ಕೆ ಬರುತ್ತದೆ, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ತೋಟ ಅಗೆಯುವಾಗ ಸಿಕ್ಕದ್ದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸದ್ಯಕ್ಕೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಚಿಕ್ಕ ಪೊಟ್ಟಣದ ಜೊತೆ ಇಡಿ, ಪೊಟ್ಟಣವನ್ನು ಪ್ರತಿ ಮಳೆಗಾಲಕ್ಕೆ ಮೊದಲು ಬದಲಾಯಿಸಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಬೆಳ್ಳಿ ಅದು ತಾಗಿದ ಗೆರೆಯಲ್ಲೇ ಕಪ್ಪಾಗುತ್ತದೆ.